ಹುಣಸೆಹಣ್ಣಿನಲ್ಲಿ ತೊಳೆದ ಪದಕ

ಪುಟ್ಟೇನಹಳ್ಳಿ, ಜೆ.ಪಿ. ನಗರ
೧೫ ಫೆಬ್ರವರಿ ೨೦೨೬

ಮುದ್ದು ಕಲ್ಯಾಣಿಗೆ,

ಅಜ್ಜಿಯ ಆಶೀರ್ವಾದ. ಚೆನ್ನಾಗಿದ್ದೀಯಾ? ಮಂಡಿನೋವು ಹೋಯಿತಾ? ಚೆನ್ನೈ ಬಿಸಿಲಿನಲ್ಲಿ ನಿಮ್ಮನ್ನು ಓಡಿಸಿ ಓಡಿಸಿ ಸಾಯಿಸುತ್ತಾರೆ ಅಂತ ನಿಮ್ಮಮ್ಮ ಹೇಳಿದಳು. ಎಳನೀರು ಕುಡಿ. ಕೂದಲು ಗಿಡ್ಡವಾಯಿತು ಅಂತ ಎಣ್ಣೆ ಹಚ್ಚುವುದಕ್ಕೆ ಸೋಮಾರಿತನ ಮಾಡಬೇಡ. ನಾವೆಲ್ಲ ಆರೋಗ್ಯ. ಫೋನಿನಲ್ಲಿ ಎರಡು ಮಾತಾಡುವಷ್ಟರಲ್ಲಿ ಅಲ್ಲಿ ಸೀಟಿ ಊದಿಬಿಡುತ್ತಾರೆ, ಅದಕ್ಕೇ ಈ ಕಾಗದ.

ನೀನು ಸೈನ್ಯದಲ್ಲಿ ಆಫೀಸರ್ ಆಗುವ ಪೆರೇಡ್ ಹತ್ತಿರ ಬಂತಲ್ಲ. ಭುಜಕ್ಕೆ ಮನೆಯವರೇ ನಕ್ಷತ್ರ ಚುಚ್ಚಬೇಕಂತೆ. ಅಪ್ಪ ಹೇಗೂ ಬರುವುದಿಲ್ಲ, ಒಂದು ಭುಜಕ್ಕೆ ಅಮ್ಮ, ಇನ್ನೊಂದಕ್ಕೆ ತಾತ ಅಂತ ನೀನು ಹೇಳಿದ್ದೇ ತಡ, ನಿಮ್ಮ ತಾತ ದಿಂಬಿಗೆ ಪಿನ್ನು ಚುಚ್ಚಿ ಅಭ್ಯಾಸ ಶುರುಮಾಡಿದ್ದಾರೆ. ಎಡಗೈಯಲ್ಲಿ ಮೂರೇ ಬೆರಳು, ಜೊತೆಗೆ ವಯಸ್ಸಿನ ನಡುಕ. ಹತ್ತಿ ಮನೆಯೆಲ್ಲ ಹಾರಾಡುತ್ತಿದೆ. ಬೈದರೆ, "ಸುಮ್ನಿರೇ, ಮಗು ಭುಜಕ್ಕೇ ಚುಚ್ಬಿಟ್ರೆ?" ಅನ್ನುತ್ತಾರೆ.

ಉಳಿದೆರಡು ಬೆರಳು ಹೋಗಿದ್ದು ಎಪ್ಪತ್ತೊಂದರ ಯುದ್ಧದಲ್ಲಿ. ನಮ್ಮ ಕೆರೆಯಲ್ಲಿ ಎಮ್ಮೆ ತೊಳೆಯುತ್ತ ಕಲಿತ ಈಜು ನೋಡು, ಗುಂಡು ಹಾರುತ್ತಿದ್ದ ನದಿಯಿಂದ ಗಾಯಗೊಂಡ ಇಬ್ಬರನ್ನು ಎಳೆದು ತಂದರು. ಅದಕ್ಕೆ ಸರ್ಕಾರ ಪದಕ ಕೊಟ್ಟಿತು. ನಮಗೇನು ಗೊತ್ತು? ನಮ್ಮತ್ತೆ ಅದಕ್ಕೆ ಅರಿಶಿನ ಕುಂಕುಮ ಇಟ್ಟು ದೇವರ ಗೂಡಿಗೆ ಏರಿಸಿಬಿಟ್ಟರು. ಪ್ರತಿ ಆಯುಧಪೂಜೆಗೂ ದೀಪಗಳ ಜೊತೆ ಹುಣಸೆಹಣ್ಣು ಹಾಕಿ ನಾನೇ ಉಜ್ಜಿ, ನೇಗಿಲು ಕುಡುಗೋಲಿನ ಸಾಲಿನಲ್ಲಿ ಇಡುತ್ತಿದ್ದೆ. ಅಕ್ಷರ ಮುಕ್ಕಾಲು ಸವೆದುಹೋಯಿತು. ಒಮ್ಮೆ ಯಾವುದೋ ಸಮಾರಂಭದಲ್ಲಿ ದೊಡ್ಡ ಆಫೀಸರ್ ಪದಕ ನೋಡಿ ಇದೇನು ಕೆಂಪು ಅಂದರೆ, ಇವರು ಎದೆಯುಬ್ಬಿಸಿ "ಕುಂಕುಮ, ಸಾಬ್!" ಅಂದರಂತೆ. ಈಗ ನೇಗಿಲೆಲ್ಲಿದೆ? ಹೊಲದ ಮೇಲೆ ನಮ್ಮ ಬಾಡಿಗೆ ಮನೆಗಳೆದ್ದಿವೆ, ಪದಕದ ಪಕ್ಕ ಮಿಕ್ಸಿ ಕೂತಿದೆ.

ನಿಮ್ಮಪ್ಪನ ಮೇಲೆ ಕೋಪ ಇಟ್ಟುಕೊಳ್ಳಬೇಡ ಕಂದ. ಅವನು ಮೂರು ವರ್ಷದವನಿದ್ದಾಗ, ರಜೆಗೆ ಬಂದ ತಾತನನ್ನು ನೋಡಿ, "ಅಮ್ಮಾ, ಯಾರೋ ಮಾಮ ಬಂದವ್ರೆ" ಅಂದಿದ್ದ. ತಾತ ಟ್ರಂಕು ಕೆಳಗಿಡದೆ ಹಾಗೇ ನಿಂತುಬಿಟ್ಟರು. ಮಗ ತೊಡೆ ಹತ್ತುವಷ್ಟರಲ್ಲಿ ರಜೆ ಮುಗಿದುಹೋಗುತ್ತಿತ್ತು. ಚಿಕ್ಕಂದಿನಲ್ಲಿ ಅಪ್ಪನ ದಾರಿ ಕಾದಿದ್ದು ಸಾಕು, ಇನ್ನು ಮಗಳ ದಾರಿಯನ್ನೂ ಕಾಯಲಾರೆ ಅಂತ ಅವನ ಹಟ. ನೀನು ಹೋದಾಗಿನಿಂದ ನಿನ್ನ ಜೊತೆ ಒಂದು ಮಾತೂ ಆಡಿಲ್ಲ, ನಿಜ. ಆದರೆ ನಿನ್ನ ಫೋನ್ ಬಂದರೆ ಟಿ.ವಿ. ಸದ್ದು ಕಡಿಮೆ ಮಾಡುವವನು ಅವನೇ.

ಚಕ್ಕುಲಿ, ನಿಪ್ಪಟ್ಟು ತರುತ್ತೇವೆ, ಜೊತೆಯವರಿಗೂ ಕೊಡು. ನಮ್ಮ ಮನೆದೇವರು ನಿನ್ನ ಬೆನ್ನಿಗಿರಲಿ.

ನಿನ್ನ ಅಜ್ಜಿ,
ಮಂಗಮ್ಮ

ತಡಿ, ಕವರ್ ಅಂಟಿಸುವ ಮೊದಲು ಇಷ್ಟು ಬರೆದುಬಿಡುತ್ತೇನೆ. ಪೆರೇಡಿಗೆ ತಾತ ಹಾಕಿಕೊಳ್ಳಲಿ ಅಂತ ಪದಕಕ್ಕೆ ಹುಣಸೆಹಣ್ಣು ನೆನೆಹಾಕಿದ್ದೆ. ನಿಮ್ಮಪ್ಪ ಪದಕವನ್ನು ಕೈಯಿಂದ ಕಿತ್ತುಕೊಂಡು, "ಇರೋ ಅಕ್ಷರಾನೂ ಅಳಿಸ್ಬಿಡ್ತೀಯಲ್ಲಮ್ಮ!" ಅಂತ ರೇಗಿ, ಪಂಚೆಯ ತುದಿಯಲ್ಲಿ ಮೆಲ್ಲಗೆ ಒರೆಸಿದ. ಆಮೇಲೆ ತಾತನ ಪಕ್ಕ ಕೂತು ದಿಂಬು ಎಳೆದುಕೊಂಡು, "ಅಪ್ಪಾ, ಹೆಂಗ್ ಚುಚ್ಚೋದು, ತೋರ್ಸು" ಅಂದ. ನಿಮ್ಮಮ್ಮ ತನ್ನ ಪಾಲಿನ ಭುಜ ಅವನಿಗೆ ಬಿಟ್ಟುಕೊಟ್ಟಿದ್ದಾಳೆ. ನಾಲ್ವರೂ ಬರುತ್ತಿದ್ದೇವೆ.