ಸದ್ದಾಯಿತೆಂದು ಅಟ್ಟ ಹತ್ತಬೇಡ

ಸಿಂಧು,

ನಾನು ತುರುವೇಕೆರೆಗೆ ಹೊರಟೆ. ಚಿಕ್ಕರಂಗಯ್ಯ ಅಟ್ಟದ ಕಾಯಿ ಇಳಿಸಲು ಬರುತ್ತಾರೆ. ಹೋದ ಸಲದಂತೆ ಕಾಫಿ ಕುಡಿಸಿ ವಾಪಸ್ ಕಳಿಸಬೇಡ. ಅಪ್ಪ ತೀರಿಹೋಗುವ ಮುಂಚೆ ಕೊನೆಯದಾಗಿ ಏರಿಸಿದ ಕಾಯಿ ಅಂತ ನನಗೂ ಗೊತ್ತು ಕಣೇ. ಆದರೆ ಅವು ಒಣಗಿ ಕೊಬ್ಬರಿಯಾಗಿವೆ, ಅಲ್ಲಾಡಿಸಿದರೆ ಗುಡುಗುಡು ಅನ್ನುತ್ತವೆ. ಮುಂದಿನದನ್ನು ಅಪ್ಪನ ದನಿಯಲ್ಲೇ ಓದಿಕೋ: "ಇನ್ನೂ ಇಟ್ಕಂಡ್ರೆ ಮರಿ ಹಾಕ್ತಾವೇನವ್ವಾ?"

ಅಪ್ಪನೂ ಸೇರಿ ನಾವು ಮೂವರೂ ಆ ಮುಖವಾಡದ ಕೊಲೆಗಾರನ ಸಿನಿಮಾ ನೋಡುವಾಗ, ಸದ್ದು ಕೇಳಿ ಮೆಟ್ಟಿಲು ಹತ್ತುವ ಹುಡುಗಿಗೆ "ಹತ್ತಬೇಡ ಕಣೇ ಪೆದ್ದಿ" ಅಂತ ಕೂಗುತ್ತಿದ್ದವಳು ನೀನು. ಈಗ ಇಲಿ ಒಂದು ಕಾಯಿ ಉರುಳಿಸಿದರೂ ಏಣಿ ಹತ್ತಿ "ಅಪ್ಪಾ" ಅನ್ನುತ್ತೀಯ. ಆ ಕೊಲೆಗಾರ ಒಂದೊಂದು ಭಾಗದಲ್ಲೂ ಸತ್ತು ಮುಂದಿನ ಭಾಗದಲ್ಲಿ ಎದ್ದು ಬರುತ್ತಾನೆ. ಚಿಕ್ಕಪ್ಪಂದಿರು ಎಷ್ಟು ಕೇಳಿದರೂ ಆಸ್ತಿ ಭಾಗಕ್ಕೆ ಒಪ್ಪದ ನಮ್ಮಪ್ಪ, ಎರಡನೇ ಭಾಗಕ್ಕೆ ಬರುವವರಲ್ಲ.

ಹಿಟ್ಟು ಫ್ರಿಜ್ಜಿನಲ್ಲಿದೆ, ದೋಸೆ ಹಾಕಿಕೊಂಡು ತಿನ್ನು. ಹಸಿದುಕೊಂಡು ಕೂರಬೇಡ.

ಒಂದು ಕಾಯಿ ಮಾತ್ರ ಅಟ್ಟದಲ್ಲೇ ಬಿಡಲು ಹೇಳಿದ್ದೇನೆ. ಅದು ಉರುಳಿದ ಸದ್ದಾದರೆ ಒಬ್ಬಳೇ ಹೋಗಬೇಡ. ನಾನು ಬರಲಿ, ಇಬ್ಬರೂ ಹತ್ತಿ ನೋಡೋಣ.

ಯೋಗಿ