ಎಡಕ್ಕೆ ವಾಲಿದ ಸೀಟು

ಮಾವಾರೇ,

ಕ್ಷೇಮ ಸಮಾಚಾರ ಆಮೇಲೆ ಬರೆಯುತ್ತೇನೆ, ಮೊದಲು ಸೀಟಿನ ಸಮಾಚಾರ. ಸೈಕಲ್ ಸೀಟಿನ ಬಗ್ಗೆ ತೀರಿಕೊಂಡ ಮಾವನಿಗೆ ಕಾಗದ ಬರೆಯುವ ಸೊಸೆ ಹೊಸಪೇಟೆಯಲ್ಲಿ ಇನ್ನೊಬ್ಬಳು ಇರಲಿಕ್ಕಿಲ್ಲ. ಆದರೆ ಮಾತು ಕೊಟ್ಟಿದ್ದೇನಲ್ಲ? "ಖರೇ ಸುಖ ಆದ ದಿನ ನನಗ ಹೇಳಬೇಕು ನೋಡವ್ವ" ಎಂದು ಹಾಸಿಗೆಯಲ್ಲಿ ಮಲಗಿಕೊಂಡೇ ಮಾತು ತೆಗೆದುಕೊಂಡಿದ್ದಿರಿ. ಆ ದಿನ ಬಂದಿದೆ. ಹೇಗೆ ಬಂತು ಅನ್ನುವುದನ್ನು ಮಾತ್ರ ಈಗಲೇ ಹೇಳುವುದಿಲ್ಲ. ಕಾಲುವೆ ಒಡೆದ ಕಥೆ ಹೇಳುವಾಗ ನೀವು ಆ ದಿನ ತಿಂದ ಮಿರ್ಚಿಯಿಂದ ಶುರು ಮಾಡುತ್ತಿದ್ದಿರಿ, ನೆನಪಿದೆಯೇ? ಮಂಡಕ್ಕಿ, ಮಿರ್ಚಿ, ಎರಡು ಸಲ ಚಹಾ, ಎಲ್ಲ ಮುಗಿದ ಮೇಲೆಯೇ ಕಾಲುವೆ ಒಡೆಯುತ್ತಿತ್ತು. ನಾನೂ ಈಗ ಅದೇ ಮನೆಯವಳು.

ಮಾರ್ಚ್ ತಿಂಗಳ ಆ ಸಂಜೆ ನಾನು ಬ್ಯಾಗನ್ನು ಕಟ್ಟೆಯ ಮೇಲೆ ಒಗೆದು ಕೂತಿದ್ದೆ. ಅದಿರು ಲಾರಿಗಳ ಸಾಲಿನ ಹಿಂದೆ ಸಿಕ್ಕಿಬಿದ್ದು ನನ್ನ ಬಸ್ಸು ಅವತ್ತು ಬೆಳಗ್ಗೆ ಮತ್ತೆ ಮುಕ್ಕಾಲು ತಾಸು ತಡ. ನಾನು ಟೀಚರಾಗಿರುವ ಶಾಲೆ ಇರುವುದು ಕಮಲಾಪುರದ ಕಡೆಯ ಸಣ್ಣ ಹಳ್ಳಿಯಲ್ಲಿ, ಆದರೆ ಹೋಗಿ ಸೇರುವ ಹೊತ್ತಿಗೆ ಬೆಂಗಳೂರಿಗೆ ಹೋದಷ್ಟು ದಣಿವು. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಕೆಂಪು ಗೀಟು. ಇನ್ನೊಂದು ಗೀಟು ಬಿದ್ದರೆ ಮೇಲಿನವರಿಗೆ ಬರೆಯುತ್ತೇನೆ ಎಂದು ಹೆಡ್‌ಮಾಸ್ತರರು ಎಲ್ಲರೆದುರು ಹೇಳಿದ್ದರು. "ನಾಳಿಂದ ಸೈಕಲ್ ಮ್ಯಾಲೆ ಹೋಗ್ತೀನಿ!" ಎಂದು ನಾನು ಸಿಟ್ಟಿನಲ್ಲಿ ಕೂಗಿದೆ. ನಿಮ್ಮ ಮಗ ನಕ್ಕರು. ಅದಿರಿನ ಯಾರ್ಡಿನಲ್ಲಿ ಲಾರಿ ತೂಗಿಸುವ ಕೆಲಸದಿಂದ ಆಗಷ್ಟೇ ಬಂದು, ಮುಖದ ಕೆಂಪು ಧೂಳನ್ನೂ ತೊಳೆಯದೆ, "ನಾಕು ದಿನ ತಡಿ, ಸ್ಕೂಟಿ ಕೊಡಸ್ತೀನಿ" ಎಂದರು. ಆ ನಾಲ್ಕು ದಿನ ಶುರುವಾಗಿ ಎರಡು ವರ್ಷವಾಗಿತ್ತು. ನೀವು ಮಾತ್ರ ನಗಲಿಲ್ಲ. ಚಹಾದ ಬಸಿ ಕೆಳಗಿಟ್ಟು ಕೇಳಿದಿರಿ: "ಸೀಟು ಎಂಥಾದೈತಿ?"

ಕಂಪ್ಲಿಯ ನಮ್ಮ ತವರುಮನೆಯ ಅಟ್ಟದಿಂದ ನನ್ನ ಹೈಸ್ಕೂಲಿನ ಲೇಡೀಸ್ ಸೈಕಲ್ ಇಳಿಸಿದ ದಿನ ನಮ್ಮಪ್ಪ ನಿಮಗೆ ಕುರ್ಚಿ ಹಾಕಿ ಕಾಯುತ್ತಿದ್ದರೆ ನೀವು ಅಂಗಳದಲ್ಲಿ ಬಗ್ಗಿ ಅದರ ಸೀಟನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದಿರಿ, ಸಂತೆಯಲ್ಲಿ ಮಾವಿನಹಣ್ಣು ಒತ್ತಿ ನೋಡುವ ಹಾಗೆ. "ಮೆತ್ತಗೈತಿ. ಮೆತ್ತಂದು ಭಾಳ ದೂರ ಬರಂಗಿಲ್ಲವ್ವ. ತೊಗಲಿಂದ ಹಾಕಸೋಣು. ಮೊದಲ ಬಡೀತೈತಿ, ಆಮ್ಯಾಲೆ ಸಾಕ್ತೈತಿ." ಮೂವತ್ತು ವರ್ಷ ಕಾಲುವೆಯ ದಂಡೆಯ ಮೇಲೆ ಸೈಕಲ್ ತುಳಿದು ನೀರು ಕಾಯ್ದವರ ಮಾತಿಗೆ ಎದುರಾಡಲು ನಾನ್ಯಾರು? ಆದರೂ ಮನೆಗೆ ಬಂದು ಕದ್ದು ನಿಮ್ಮ ಹಳೆಯ ಸೈಕಲ್ಲಿನ ತೊಗಲಿನ ಸೀಟು ಮುಟ್ಟಿ ನೋಡಿದೆ. ಅಂಗೈಯಷ್ಟಗಲದ ಎರಡು ತಗ್ಗು, ಎಡಗಡೆಯದು ತುಸು ಆಳ. ಸ್ಟ್ಯಾಂಡ್ ಹಾಕಿದ್ದಾಗ ಹತ್ತಿ ಕೂತರೆ ಬೇರೆಯವರ ಚಪ್ಪಲಿಯಲ್ಲಿ ಕಾಲಿಟ್ಟ ಹಾಗಾಯಿತು. ಇಳಿದುಬಿಟ್ಟೆ.

ನಿಮ್ಮ ಗೆಳೆಯರಾದ ಸೈಕಲ್ ಶಾಪಿನ ಹುಸೇನಸಾಬರು ಹಳೆಯ ಸ್ಪ್ರಿಂಗಿನ ಮೇಲೆ ಹೊಸ ತೊಗಲು ಬಿಗಿದು ಕೊಟ್ಟ ದಿನ ಮನೆಯಲ್ಲಿ ಸಣ್ಣ ಜಾತ್ರೆ. ತೊಗಲು ಹೊಸ್ತಿಲು ದಾಟಬಾರದು ಎಂದು ಅತ್ತೆಯ ಕಟ್ಟಪ್ಪಣೆ. ನೀವು ಹೊರಗಿನ ಕಟ್ಟೆಯ ಮೇಲೆ ಕೂತು ಔಡಲ ಎಣ್ಣೆ ತಿಕ್ಕಿದಿರಿ, ಮೊದಲ ಮೊಮ್ಮಗನಿಗೆ ಎಣ್ಣೆ ಹಚ್ಚಿದಷ್ಟು ಮುತುವರ್ಜಿಯಿಂದ. "ಲಿಂಗಪೂಜಿಗೂ ಇಷ್ಟೊತ್ತು ಕುಂದ್ರಂಗಿಲ್ಲ ಈ ಮನಷ್ಯಾ" ಎಂದು ಅತ್ತೆ ಒಳಗಿನಿಂದ. ಎಣ್ಣೆ ಹಚ್ಚಿದ ಸೀಟು ಮೂರು ದಿನ ಕಟ್ಟೆಯ ಮೇಲೆ ಬಿಸಿಲು ಕಾಯಿತು. ಸಂಡೂರಿನ ಗುಡ್ಡಗಳೇ ಪುಡಿಯಾಗಿ ಲಾರಿ ಹತ್ತಿ ನಮ್ಮೂರ ಮೇಲೆ ಹಾಯುವ ಕಾಲವಿದು, ಅತ್ತೆ ಬೆಳಗ್ಗೆ ಹಾಕಿದ ಬಿಳಿ ರಂಗೋಲಿ ಮಧ್ಯಾಹ್ನಕ್ಕೆ ಕುಂಕುಮದ ಬಣ್ಣ. ಹಾಗಾಗಿ ನನ್ನ ಸೀಟೂ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಸೀರೆ ಕೆಡದಿರಲಿ ಎಂದು ನಾನು ಅದರ ಮೇಲೆ ಹಳೆಯ ಟವೆಲ್ ಸುತ್ತಿಕೊಂಡೆ.

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ಜೂನ್ ತಿಂಗಳ ಮೊದಲ ವಾರ ನಾನು ತರಗತಿಯಲ್ಲಿ ಕುರ್ಚಿಯ ಮೇಲೆ ಕೂರಲೇ ಇಲ್ಲ, ಗೊತ್ತೇ? ಕೂರಲು ಆಗುತ್ತಿರಲಿಲ್ಲ. ದಿನವಿಡೀ ನಿಂತೇ ಪಾಠ. ಅದನ್ನು ನನ್ನ ಶ್ರದ್ಧೆ ಎಂದು ತಿಳಿದ ಹೆಡ್‌ಮಾಸ್ತರರು, ಅದೇ ಕೆಂಪು ಗೀಟಿನವರು, ಮೀಟಿಂಗಿನಲ್ಲಿ ಎಲ್ಲರೆದುರು ಹೊಗಳಿದರು! ಕಾಲುವೆ ದಂಡೆಗೆ ಲಾರಿ ಬರುವುದಿಲ್ಲವಾದ್ದರಿಂದ ದಿನಾ ಹತ್ತು ನಿಮಿಷ ಮೊದಲೇ ಶಾಲೆಯಲ್ಲಿರುತ್ತಿದ್ದೆ. ಸಂಜೆ ಬಂದ ಕೂಡಲೇ ಕಟ್ಟೆಯ ಮೇಲಿಂದ ನಿಮ್ಮ ಪ್ರಶ್ನೆ: "ಹೆಂಗಿತ್ತವ್ವ ಇವತ್ತು?" ನನ್ನದು ಒಂದೇ ಉತ್ತರ: "ಇನ್ನಾ ಇಲ್ರಿ ಮಾವಾರ." ನೀವು ತಲೆಯಾಡಿಸಿ, "ಬರತೈತಿ, ಬರತೈತಿ. ಮತ್ತ ನೋಡು, ಹೋಗಾಕ ಈ ದಂಡಿ, ಬರಾಕ ಆ ದಂಡಿ" ಎನ್ನುತ್ತಿದ್ದಿರಿ. ಆ ದಂಡೆಗೆ ಹೋಗಬೇಕಾದರೆ ಸೇತುವೆ ದಾಟಿ ಸುತ್ತು ಹೊಡೆಯಬೇಕು. ಎರಡೂ ದಂಡೆ ತಪಾಸಣೆ ಮಾಡುವುದು ನಿಮ್ಮ ನೌಕರಿ, ನನ್ನದಲ್ಲವಲ್ಲ ಎಂದುಕೊಂಡು ಹೋದ ದಂಡೆಯಲ್ಲೇ ಬರುತ್ತಿದ್ದೆ.

ಎರಡನೆಯ ವಾರ ಒಂದು ವಿಚಿತ್ರ ಆಯಿತು. ಸೀಟು ಪಳಗುತ್ತಿತ್ತು, ಆದರೆ ಒಂದೇ ಕಡೆ. ಬಲಕ್ಕೆ ಕಲ್ಲು, ಎಡಕ್ಕೆ ತಗ್ಗು. ಕೂತರೆ ಸಾಕು, ಮೈ ಎಡಕ್ಕೆ ಜಾರುತ್ತಿತ್ತು. ಬೇಸಿಗೆಯಲ್ಲಿ ಒಣಗಿದ ಕಾಲುವೆ ಎಡಗಡೆ ಬಾಯಿ ತೆರೆದು ಕಾದಿರುವಾಗ ಎಡಕ್ಕೆ ಜಾರುವವಳ ಗತಿ ಏನು? ಹೆದರಿಕೆಗೆ ಬಲಕ್ಕೆ ಎಳೆದುಕೊಂಡು ಎಳೆದುಕೊಂಡು ಒಂದು ದಿನ ಬಲಗಡೆಯ ಬಾಳೆ ತೋಟದಲ್ಲಿ ಹೋಗಿ ಬಿದ್ದೆ. ತೋಟದ ಮುದುಕಿ ನನ್ನನ್ನು ಎಬ್ಬಿಸುವ ಮೊದಲು ಬಾಳೆಗಿಡ ಎಬ್ಬಿಸಿದಳು. "ನನ್ನ ಸೊಂಟದಾಗ ಏನರ ದೋಷ ಐತೇನ್ರಿ?" ಎಂದು ನಾನು ಸಂಜೆ ಕೇಳಿದಾಗ ನೀವು ಮುಖ ಆ ಕಡೆ ತಿರುಗಿಸಿ ಕೆಮ್ಮಿದಿರಿ. ಆಗಲೇ ಅನುಮಾನ ಬರಬೇಕಿತ್ತು ನನಗೆ.

ಆ ದಿನಗಳಲ್ಲಿ ನೀವು ನಸುಕಿಗೇ ಎದ್ದು "ನೀರು ನೋಡ್ಕೊಂಡ ಬರ್ತೀನಿ" ಎಂದು ಹೊರಡುತ್ತಿದ್ದಿರಿ. ನೌಕರಿಯಲ್ಲಿದ್ದಾಗ ದಿನವೂ ಹೊಸ್ತಿಲಲ್ಲಿ ಅದನ್ನೇ ಹೇಳಿ ಹೋಗುತ್ತಿದ್ದವರು, ರೂಢಿ ಎಂದು ನಾವ್ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಜೂನ್ ತಿಂಗಳ ಒಣ ಕಾಲುವೆಯಲ್ಲಿ ಯಾವ ನೀರು ನೋಡುತ್ತಿದ್ದಿರಿ ಮಾವಾರೇ? ಅದನ್ನು ಕೇಳಿದವರು ಅತ್ತೆ, ಅದೂ ನಿಮ್ಮ ಬಿಳಿ ಧೋತರವನ್ನು ಬಚ್ಚಲಿನಿಂದ ಅಂಗಳಕ್ಕೆ ತಂದು, ಬಾವುಟದ ಹಾಗೆ ಎರಡೂ ಕೈಯಲ್ಲಿ ಹಿಡಿದು. ಧೋತರದ ಹಿಂಭಾಗದಲ್ಲಿ ಎಣ್ಣೆಯೂ ಅದಿರಿನ ಧೂಳೂ ಸೇರಿದ ಕೆಂಪು ಮುದ್ರೆ. ಮುಂದೆ ಚೂಪು, ಹಿಂದೆ ಅಗಲ, ಅಂಚಿಗೆ ರಿವೆಟ್ಟಿನ ಚುಕ್ಕಿಗಳು. ಸೀಟಿನ ಅಚ್ಚೇ ಅಚ್ಚು!

"ಇದು ಯಾರ ಸೈಕಲ್ಲಿಂದು? ನಿಮ್ಮ ಸೀಟಿಗೆ ಎಣ್ಣಿ ಹಚ್ಚಿ ಹತ್ತ ವರ್ಷ ಆತು" ಎಂದರು ಅತ್ತೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುವ ಹಾಗೆ ನೀವು ಮೊದಲು ನನ್ನ ಮುಖ ನೋಡಿದಿರಿ. "ಹುಡುಗಿ ದಿನಾ ನಿಂತ ಊಟ ಮಾಡ್ತೈತಿ... ಒಂದೀಟು ಮೆತ್ತಗ ಮಾಡಿ ಕೊಡೋಣಂತ..." ಎಂದಿರಿ. ಅಂದರೆ ಆರಡಿ ಎತ್ತರದ ನನ್ನ ಮಾವ, ಧೋತರ ಉಟ್ಟು, ಮೊಳಕಾಲು ಹ್ಯಾಂಡಲಿಗೆ ಬಡಿಸಿಕೊಳ್ಳುತ್ತ, ಸೊಸೆಯ ಲೇಡೀಸ್ ಸೈಕಲ್ ಹತ್ತಿ ಹದಿನೈದು ದಿನ ಕಾಲುವೆ ಸುತ್ತಿದ್ದಾರೆ! "ಟವೆಲ್ಲರ ಹಾಕ್ಕೊಂಡು ಕುಂದ್ರಬಾರದೇನ್ರಿ?" ಎಂದರೆ, "ಬಟ್ಟಿ ಹಾಕಿದ್ರ ತೊಗಲಿಗೆ ಮೈಬಿಸಿ ಹತ್ತಂಗಿಲ್ಲವ್ವ" ಎಂದು ಆಗಲೂ ಪಾಠ ಹೇಳಿದಿರಿ. "ಅಕಿ ಸೀಟಿಗೆ ನಿಮ್ಮ ಕುಂಡಿ ಅಚ್ಚು ಹಾಕಿ ಕೊಟ್ಟೀರಿ, ಅಕಿ ಬೀಳದ ಏನ್ ಮಾಡ್ತಾಳ?" ಎಂದು ಅತ್ತೆ ಕೇಳಿದ ಮೇಲೆ ನಾನು ಬಾಗಿಲು ಹಿಡಿದು ನಕ್ಕಿದ್ದೇ ನಕ್ಕಿದ್ದು. ಕಣ್ಣಲ್ಲಿ ನೀರೂ ಬಂತು, ಅದು ನಗುವಿನದೊಂದೇ ಅಲ್ಲ. ನಮ್ಮಪ್ಪ ನನ್ನನ್ನು ಚೆನ್ನಾಗಿಯೇ ಸಾಕಿದರು, ಆದರೆ ನನ್ನ ನೋವನ್ನು ತಾವು ಮೊದಲು ಕೂತು ನೋಡಿದವರು ನೀವೊಬ್ಬರೇ.

ನೀವು ಮಾತ್ರ ನಗಲಿಲ್ಲ. ಹುಸೇನಸಾಬರ ಹತ್ತಿರ ಹೋಗಿ ತೊಗಲು ನೆನೆಸಿ, ಸೀಟಿನ ಮೂತಿಯ ಕೆಳಗೆ ತೊಗಲನ್ನು ಎಳೆದು ಹಿಡಿಯುವ ಬೋಲ್ಟು ಬಿಗಿಸಿ ನೆಟ್ಟಗೆ ಮಾಡಿಸಿದಿರಿ. ಎಂಟು ದಿನಕ್ಕೆ ಎಡಗಡೆಯ ತಗ್ಗು ಮತ್ತೆ ಬಿತ್ತು. ಅಷ್ಟರಲ್ಲಿ ನಿಮಗೆ ಎದೆನೋವು. ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೂ ಸಂಜೆಯ ಪ್ರಶ್ನೆ ತಪ್ಪಲಿಲ್ಲ. ಒಂದು ದಿನ ನಿಮ್ಮ ಸಮಾಧಾನಕ್ಕೆಂದು, "ಮಸ್ತ್ ಆತ್ರಿ ಮಾವಾರ, ಗಾದಿ ಮ್ಯಾಲೆ ಕುಂತಂಗ ಆತು" ಎಂದುಬಿಟ್ಟೆ. ನಾನು ನಿಂತಿದ್ದನ್ನು ನೋಡಿ ನೀವು ಹೇಳಿದಿರಿ, "ಹಂಗಾರ ಕುಂದ್ರು ನೋಡೋಣು." ಸ್ಟೂಲಿನ ಮೇಲೆ ಕೂತೆ. ಬಲಗಡೆಗೆ ಭಾರ ಬಿದ್ದ ಕೂಡಲೇ ಹಲ್ಲು ಕಚ್ಚಿದೆ. ಅಷ್ಟು ಸಾಕಾಯಿತು ನಿಮಗೆ. "ನಿನಗ ಸುಳ್ಳು ಹೇಳಾಕ ಬರಂಗಿಲ್ಲ. ನಂದ ತಪ್ಪಾತವ್ವ ಗಿರಿಜವ್ವ, ನಿನ್ನ ಸೀಟು ನಾ ಕೆಡಿಸಿದೆ. ಖರೇ ಸುಖ ಆದ ದಿನ ನನಗ ಹೇಳಬೇಕು ನೋಡವ್ವ." ನಾಲ್ಕು ದಿನಕ್ಕೆ ಹೋಗಿಯೇಬಿಟ್ಟಿರಿ, ಕಾಲುವೆಗೆ ನೀರು ಬಿಡುವ ಮೊದಲೇ. ನೀವು ಹೋದ ದುಃಖ ಒಂದು ಕಡೆ. ಸೊಸೆಯ ಸೀಟು ಕೆಡಿಸಿದೆ ಎಂದುಕೊಂಡೇ ಹೋದರಲ್ಲ ಎನ್ನುವುದು ಇನ್ನೊಂದು ಕಡೆ. ಎರಡನೆಯದು ನನ್ನನ್ನು ಹೆಚ್ಚು ಚುಚ್ಚಿತು, ಬೇಜಾರಾಗಬೇಡಿ.

ಈಗ ಕಾಲುವೆ ಒಡೆಯುವ ಹೊತ್ತು ಬಂತು, ಕೇಳಿ. ಮೊನ್ನೆ ಗುರುವಾರ ಬೆಳಗ್ಗೆ ದಂಡೆ ಹತ್ತಿದರೆ ಕಾಲುವೆಯ ತುಂಬ ನೀರು. ರಾತ್ರಿ ಬಿಟ್ಟಿದ್ದರಂತೆ. ಕೆಂಪು ನೀರು, ಮೇಲೆ ಒಣ ಎಲೆ, ಎಲೆಯ ಮೇಲೆ ಒಂದು ಮರಿ ಕಪ್ಪೆ ಸವಾರಿ. ನೋಡದೆ ಇರಲು ಆಗಲಿಲ್ಲ. ತುಳಿಯುತ್ತ ತುಳಿಯುತ್ತ ಎಡಕ್ಕೆ ವಾಲಿ ನೋಡಿದೆ, ಇನ್ನೂ ಸ್ವಲ್ಪ ವಾಲಿದೆ. ಗದ್ದೆಗಳು ಬಂದವು, ಹೋದವು, ದೂರದಲ್ಲಿ ಹಂಪಿಯ ಬಂಡೆಗಳಿಗೆ ಬಿಸಿಲು ಬಿತ್ತು. ಶಾಲೆಯ ಗೇಟಿನ ಮುಂದೆ ಇಳಿದಾಗ ಹೊಳೆಯಿತು: ದಾರಿಯುದ್ದಕ್ಕೂ ನನಗೆ ಸೀಟಿನ ನೆನಪೇ ಆಗಿರಲಿಲ್ಲ! ಮತ್ತೊಮ್ಮೆ ಹತ್ತಿ ನೆಟ್ಟಗೆ ಕೂತೆ, ಒತ್ತಿತು. ಎಡಕ್ಕೆ ವಾಲಿದೆ, ಅಂಗೈಯಲ್ಲಿ ಹಿಡಿದ ಹಾಗೆ. ಗೇಟಿನ ಹತ್ತಿರ ನಿಂತಿದ್ದ ಮಕ್ಕಳು, "ಟೀಚರ್, ಯಾಕ್ರಿ ಹತ್ತಿ ಇಳೀತೀರಿ?" ಎಂದು ಕೇಳಿದವು. ಏನೆಂದು ಹೇಳಲಿ?

ಸಂಜೆ ಹೋದ ದಂಡೆಯಲ್ಲೇ ಹೊರಟರೆ ಕಾಲುವೆ ಬಲಕ್ಕೆ. ನೀರು ನೋಡಲು ಬಲಕ್ಕೆ ವಾಲಬೇಕು, ವಾಲಿದರೆ ಒತ್ತುತ್ತದೆ. ಆಗ ತಿಳಿಯಿತು, ಹೋಗಾಕ ಈ ದಂಡಿ, ಬರಾಕ ಆ ದಂಡಿ! ಸೇತುವೆ ದಾಟಿ ಆ ಕಡೆಯಿಂದ ಬಂದರೆ ಕಾಲುವೆ ಮತ್ತೆ ಎಡಕ್ಕೇ. ಮೂವತ್ತು ವರ್ಷ ನಿಮ್ಮ ನೀರು ಯಾವಾಗಲೂ ಎಡಗಡೆಗೇ ಇತ್ತಲ್ಲ, ಅದಕ್ಕೇ ಆ ತಗ್ಗು. ಅತ್ತೆಗೆ ಹೇಳಿದೆ. ಅವರು, "ಆ ಬೋಲ್ಟು ಯಾರೂ ಬಿಗೀಬ್ಯಾಡ್ರಿ ಇನ್ನ" ಎಂದರು. ಆಮೇಲೆ ಮಳೆ ಬರುತ್ತದೆಂದು ಸೀಟು ಬಿಚ್ಚಿಸಿ, ನಿಮಗೆ ನಂಬಿಕೆ ಬರಲಿಕ್ಕಿಲ್ಲ, ಹೊಸ್ತಿಲ ಒಳಗೆ ತಾವೇ ತಂದಿಟ್ಟರು.

ಇನ್ನು ಕ್ಷೇಮ ಸಮಾಚಾರ. ನಿಮ್ಮ ಮಗ ಕಡೆಗೂ ಸ್ಕೂಟಿ ತಂದಿದ್ದಾರೆ. ಅದರ ಹಿಂದೆ ಕೂತು ಅತ್ತೆ ಸಂತೆಗೆ ಹೋಗುತ್ತಾರೆ, ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು. ನಿನ್ನೆ ಸ್ಕೂಟಿ ಶುರುವಾಗದೆ ಆತುರದಲ್ಲಿ ನನ್ನ ಸೈಕಲ್ ಹತ್ತಿಹೋದ ನಿಮ್ಮ ಮಗ ಓಣಿಯ ಕೊನೆಯಿಂದಲೇ ತಳ್ಳಿಕೊಂಡು ವಾಪಸು ಬಂದು, "ಏನ್ ಸೀಟಲೇ ಇದು, ಮನಷ್ಯಾರು ಕುಂದ್ರೂದಲ್ಲ" ಎಂದರು.

ನೀವು ತಪ್ಪು ಎಂದಿರಲ್ಲ ಮಾವಾರೇ, ಅದರ ಮೇಲೆಯೇ ನಾನು ಸುಖವಾಗಿ ಕೂತಿದ್ದೇನೆ. ಸುಳ್ಳಲ್ಲ, ಬೇಕಾದರೆ ಕೂತು ತೋರಿಸುತ್ತೇನೆ. ನಾಳೆ ಸೋಮವಾರ, ಬೇಗ ಹೊರಡಬೇಕು. ಹೋಗುವಾಗ ಈ ದಂಡೆ, ಬರುವಾಗ ಆ ದಂಡೆ.

ನೀರು ನೋಡ್ಕೊಂಡ ಬರ್ತೀನ್ರಿ.

ನಿಮ್ಮ ಸೊಸೆ
ಗಿರಿಜಾ