ಒಳಗಿನಿಂದ ಹಾಕಿದ ಚಿಲಕ

ರಾಯಚೂರು
17 ನವೆಂಬರ್ 2024

ಪ್ರೀತಿಯ ಗುಲ್ನಾಜ್ ಆಪಾ,

ಸಲಾಮ್. ಮಾನ್ವಿಯಲ್ಲಿ ನೀನೂ ಮಕ್ಕಳೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಮೂರು ದಿನದಿಂದ ನಿನ್ನ ಫೋನ್ ಎತ್ತಿಲ್ಲ, ಕ್ಷಮಿಸು. ಬಾಯಿ ಬಿಟ್ಟರೆ ಅಳು ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ದೇವದುರ್ಗದ ಕಚೇರಿಯಲ್ಲಿ ಹಳ್ಳಿಗಳ ಕುಡಿಯುವ ನೀರಿನ ಕೆಲಸವೆಲ್ಲ ನನ್ನ ತಲೆಯ ಮೇಲೆ ಬಿದ್ದಿದೆ. ಬಸ್ಸು ಗಬ್ಬೂರು ದಾಟುವಾಗ ಸಾಹೇಬರ ಫೋನ್ ಬಂದರೆ ಸಾಕು, ಎದೆ ಹೊಡೆದುಕೊಂಡು ಕೈ ತಣ್ಣಗಾಗುತ್ತದೆ. ಹೃದಯ ಚೆನ್ನಾಗಿದೆ, ಇದು ಆತಂಕ ಎಂದರು ಡಾಕ್ಟರು. ಲಕ್ವಾ ಹೊಡೆದು ಮಾತು ನಿಂತ ಅಬ್ಬಾನನ್ನು ಇಡೀ ದಿನ ಪರರ ಕೈಗೆ ಬಿಟ್ಟು ಹೋಗುವವಳಿಗೆ ಇನ್ನೇನು ಬರಬೇಕು?

ಅವರನ್ನು ನೋಡಿಕೊಳ್ಳುವ ಇಮಾಮ್ ಬೀ ಮೇಲೆ ನನಗೆ ಗುಮಾನಿ ಹುಟ್ಟಿತ್ತು. ನಾನು ಬಂದಾಗಲೆಲ್ಲ ಅಬ್ಬಾ ಕಣ್ಣು ಮುಚ್ಚಿ ಮಲಗಿರುತ್ತಿದ್ದರು. ನಿದ್ದೆ ಗುಳಿಗೆ ಕೊಡುತ್ತಾಳೇನೋ ಎಂದು ಅವಳ ಚೀಲವನ್ನೂ ತಡಕಾಡಿದೆ, ಏನೂ ಸಿಗಲಿಲ್ಲ. ಮಧ್ಯಾಹ್ನ ನಮ್ಮ ಬಾಗಿಲಿಗೆ ಒಳಗಿನಿಂದ ಚಿಲಕ ಇರುತ್ತದೆಂದು ಎದುರುಮನೆಯ ಅಮೀರ್ ಬೀ ಹೇಳಿದ ಮೇಲಂತೂ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ಗುರುವಾರ ತಲೆನೋವೆಂದು ಹೇಳಿ ಮಧ್ಯಾಹ್ನವೇ ಬಂದುಬಿಟ್ಟೆ. ಬಾಗಿಲು ತಟ್ಟದೆ ಕಿಟಕಿಗೆ ಕಿವಿಗೊಟ್ಟೆ. ಒಳಗೆ ಗಂಡಸಿನ ದನಿ. ಇನ್ನೂ ಹತ್ತಿರ ಸರಿದೆ. ಆಮೇಲೆ ಆ ದನಿ ನಕ್ಕಿತು. ಅದು ಅಬ್ಬಾನ ನಗು, ಆಪಾ.

ಬಾಗಿಲು ಬಡಿದೆ. ಇಮಾಮ್ ಬೀ ಚಿಲಕ ತೆಗೆಯುವಷ್ಟರಲ್ಲಿ ಅಬ್ಬಾ ಮತ್ತೆ ಕಣ್ಣು ಮುಚ್ಚಿದ್ದರು.

“ಬೈಬ್ಯಾಡ ಬೇಟಿ,” ಎಂದಳು. “ಎರಡು ತಿಂಗಳಿಂದ ಮಾತು ಬರಾಕತ್ಯಾವ. ನಿನಗ ಹೇಳಬ್ಯಾಡ ಅಂತ ಆಣಿ ಹಾಕ್ಯಾರ.”

ಯಾಕೆಂದು ಅಬ್ಬಾನನ್ನೇ ಕೇಳಿದೆ. ಕಣ್ಣು ತೆರೆದು, ತುಟಿ ಸೊಟ್ಟ ಮಾಡಿಕೊಂಡು ಹೇಳಿದರು: “ನೀ ಬಂದ್ರ... ನನಗ ಎದಿ... ಹೊಡಕೊಳ್ತದ.”

ಉಳಿದದ್ದನ್ನು ಇಮಾಮ್ ಬೀ ಬಿಡಿಸಿ ಹೇಳಿದಳು. ಬರುತ್ತಲೇ ಬಿಪಿ ಎಷ್ಟು, ಉಂಡರೋ ಇಲ್ಲವೋ ಎಂದು ಪೊಲೀಸರ ಹಾಗೆ ಕೇಳುತ್ತೇನಂತೆ. ಒಂದು ಮಾತು ತಡವರಿಸಿದರೂ ಆಸ್ಪತ್ರೆಗೆ ಎಳೆದೊಯ್ಯುತ್ತೇನೆಂಬ ಅಂಜಿಕೆ ಅವರಿಗೆ. ಆವತ್ತಿನಿಂದ ಸಂಜೆ ಏನೂ ಕೇಳದೆ ಪಕ್ಕದಲ್ಲಿ ಕೂರುತ್ತಿದ್ದೇನೆ. ನಿನ್ನೆ ತಾವಾಗಿಯೇ ನೀರು ಬೇಕೆಂದರು.

ಅಲ್ಲಾಹ್ ನಿಮ್ಮೆಲ್ಲರನ್ನೂ ತಣ್ಣಗಿಟ್ಟಿರಲಿ.

ನಿನ್ನ ತಂಗಿ,
ಆತಿಯಾ

ತಾ.ಕ.: ಆವತ್ತು ಅಬ್ಬಾನ ದಿಂಬಿನ ಪಕ್ಕ ಇಮಾಮ್ ಬೀಯ ಫೋನಿತ್ತು. ಕಟ್ ಆಗಿರಲಿಲ್ಲ. “ಅಬ್ಬಾ, ಯಾಕ ಸುಮ್ಮನಾದ್ರಿ? ಆತಿಯಾ ಬಂದಳೇನು?” ಎಂದು ಅದರಿಂದ ನಿನ್ನ ದನಿ ಬಂತು. ಎಲ್ಲರನ್ನೂ ಅನುಮಾನಿಸಿದ್ದೆ, ನಿನ್ನೊಬ್ಬಳನ್ನು ಬಿಟ್ಟು. ನೀನೂ ಆಣೆಗೆ ಕಟ್ಟುಬಿದ್ದು ಹೇಳಲಿಲ್ಲವೆಂದರೆ ನಂಬುತ್ತೇನೆ. ಆದರೆ ನೀನು ದಿನಾ ನನಗೆ ಫೋನ್ ಮಾಡಿ, ಇವತ್ತಾದರೂ ಅಬ್ಬಾ ಒಂದು ಮಾತು ಆಡಿದರಾ ಎಂದು ಕೇಳುತ್ತಿದ್ದೆ. ಇಲ್ಲ ಎಂದಾಗ ನನ್ನ ಜೊತೆ ನೀನೂ ಅಳುತ್ತಿದ್ದೆಯಲ್ಲ ಆಪಾ, ಆ ಅಳು ಯಾವುದಕ್ಕೆ?